ಆದಾಯ ತೆರಿಗೆಯ ಕಟ್ಟೆಪುರಾಣ

ಜುಲೈ ಹತ್ತಿರವಾಗುತ್ತಿದ್ದಂತೆ ಲೆಕ್ಕಪರಿಶೋಧಕರ ಕಚೇರಿಗಳ ಬೆಂಚು ತುಂಬುತ್ತದೆ. ಫಾರ್ಮ್ 16 ಹಿಡಿದು ಸರದಿಗೆ ಕಾಯುವವರು ಮಾತಿಗೆ ನಿಂತರೆ ಅದು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತದೆ. ‘ಈ ದೇಶದಲ್ಲಿ ಟ್ಯಾಕ್ಸ್ ಕಟ್ಟೋರು ನಾವು ನಾಲ್ಕೇ ಜನ ಕಣ್ರೀ.’ ‘ನಮ್ಮ ರಸ್ತೆ ನೋಡಿದ್ರೆ ಒಂದು ಪೈಸೆ ಕಟ್ಟೋಕೂ ಮನಸ್ಸು ಬರಲ್ಲ.’ ‘ಎಸ್ಟೇಟ್ ಇದ್ದೋರಿಗೆ ಏನೂ ಇಲ್ಲ, ಸಂಬಳದೋರ ಕುತ್ತಿಗೆಗೇ ಎಲ್ಲ.’ ‘ಒಂದು ಬಾಡಿಗೆ ರಸೀದಿ ಇಟ್ಬಿಡಿ, ಯಾರು ನೋಡ್ತಾರೆ?’

ಈ ಮಾತುಗಳಲ್ಲಿ ಸಿಟ್ಟಿದೆ, ಅಲ್ಲಲ್ಲಿ ನಿಜವೂ ಇದೆ. ಆದರೆ ಎರಡು ಬೇರೆ ಪ್ರಶ್ನೆಗಳು ಇಲ್ಲಿ ಕಲಸಿಹೋಗಿವೆ. ಈ ತೆರಿಗೆ ಹಾಕಲು ಸರ್ಕಾರಕ್ಕೆ ಅಧಿಕಾರ ಇದೆಯೇ ಎಂಬುದು ಒಂದು. ಹಾಕಿದ್ದು ನ್ಯಾಯವೇ ಎಂಬುದು ಇನ್ನೊಂದು. ರಸ್ತೆಗುಂಡಿ ತೋರಿಸಿ ಮೊದಲನೆಯದಕ್ಕೆ ಉತ್ತರ ಹೇಳುವವರೂ ತಪ್ಪುತ್ತಾರೆ, ಕಾಯ್ದೆಯ ಕಲಂ ತೋರಿಸಿ ಎರಡನೆಯದರ ಬಾಯಿ ಮುಚ್ಚಿಸುವವರೂ ತಪ್ಪುತ್ತಾರೆ.

‘ನಾನು ಕಟ್ಟಿದ್ದಕ್ಕೆ ಸರ್ಕಾರ ಏನು ಕೊಟ್ಟಿತು?’ ಎಂಬ ವಾದಕ್ಕೆ ಕಾನೂನಿನ ಉತ್ತರ ಬೇಕಿದ್ದರೆ ಉಡುಪಿಯ ಕಡೆ ನೋಡಬೇಕು. 1951ರಲ್ಲಿ ಮದರಾಸು ಸರ್ಕಾರ ತಂದ ಹಿಂದೂ ಧಾರ್ಮಿಕ ದತ್ತಿ ಕಾಯ್ದೆ, ಮಠ–ದೇವಸ್ಥಾನಗಳು ತಮ್ಮ ಆದಾಯದಲ್ಲಿ ಒಂದು ಪಾಲನ್ನು ವರ್ಷವರ್ಷ ವಂತಿಗೆಯಾಗಿ ಸರ್ಕಾರಕ್ಕೆ ಕೊಡಬೇಕು ಎಂದಿತ್ತು. ಉಡುಪಿ ಆಗ ಮದರಾಸು ರಾಜ್ಯದಲ್ಲಿತ್ತು. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಲಕ್ಷ್ಮೀಂದ್ರ ತೀರ್ಥ ಸ್ವಾಮೀಜಿ ಕೋರ್ಟಿಗೆ ಹೋದರು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿ, 1954ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಧಾರ್ಮಿಕ ಸ್ವಾತಂತ್ರ್ಯದ ತೀರ್ಪೆಂದೇ ಅದು ಹೆಸರಾದರೂ ತೆರಿಗೆ ವಕೀಲರು ಇವತ್ತಿಗೂ ಅದನ್ನು ತೆರೆಯುವುದು ಬೇರೊಂದು ಕಾರಣಕ್ಕೆ. ತೆರಿಗೆ ಯಾವುದು, ಶುಲ್ಕ ಯಾವುದು ಎಂಬುದನ್ನು ಕೋರ್ಟ್ ಅಲ್ಲಿ ಬಿಡಿಸಿ ಹೇಳಿತು.

ಶುಲ್ಕ ಎಂದರೆ ಇಂಥ ಸೇವೆಗೆ ಇಷ್ಟು ಎಂದು ಕೊಡುವ ಹಣ. ಪಾಸ್‌ಪೋರ್ಟಿಗೆ ಕಟ್ಟುವುದು, ಡ್ರೈವಿಂಗ್ ಲೈಸೆನ್ಸಿಗೆ ಕಟ್ಟುವುದು ಆ ಬಗೆಯದು. ತೆರಿಗೆ ಹಾಗಲ್ಲ. ಸಾರ್ವಜನಿಕ ಉದ್ದೇಶಕ್ಕೆಂದು ಕಾನೂನಿನ ಬಲದಿಂದ ಕಡ್ಡಾಯವಾಗಿ ಎತ್ತುವ ಹಣ ಅದು. ಕಟ್ಟಿದವನಿಗೆ ಪ್ರತಿಯಾಗಿ ಇಂಥದ್ದು ಸಿಗಬೇಕು ಎಂಬ ಕರಾರು ಅದರಲ್ಲಿಲ್ಲ. ಮಠಗಳಿಂದ ಎತ್ತುತ್ತಿದ್ದುದು ಹೆಸರಿಗೆ ವಂತಿಗೆ, ಗುಣದಲ್ಲಿ ತೆರಿಗೆ, ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯದ ಶಾಸಕಾಂಗಕ್ಕೆ ಇಲ್ಲ ಎಂದು ಕೋರ್ಟ್ ಆ ಕಲಮನ್ನೇ ಹೊಡೆದುಹಾಕಿತು. ಒಂದೇ ತೀರ್ಪಿನಲ್ಲಿ ಎರಡು ಪಾಠ ಇವೆ. ರಸ್ತೆ ಸರಿಯಿಲ್ಲ ಎಂಬ ಕಾರಣಕ್ಕೆ ತೆರಿಗೆ ಅಕ್ರಮ ಆಗುವುದಿಲ್ಲ. ಅಧಿಕಾರವಿಲ್ಲದೆ ಹಾಕಿದರೆ ಮಾತ್ರ, ಹಾಕಿದ್ದು ಸರ್ಕಾರವೇ ಆದರೂ ಅದು ನಿಲ್ಲುವುದಿಲ್ಲ.

ಆದಾಯ ತೆರಿಗೆಗೆ ಆ ಅಧಿಕಾರ ಎಲ್ಲಿಂದ ಬಂತು? ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಕೂಡದು, ಎತ್ತಕೂಡದು ಎನ್ನುತ್ತದೆ ಸಂವಿಧಾನದ 265ನೇ ವಿಧಿ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 82ನೇ ನಮೂದು, ಕೃಷಿ ಆದಾಯ ಬಿಟ್ಟು ಉಳಿದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಕಾಯ್ದೆ ಒಂದಿದ್ದರೂ ಸಾಲದು. ಯಾವ ವರ್ಷ ಯಾವ ದರ ಎಂಬುದನ್ನು ಹಣಕಾಸು ಮಸೂದೆಯ ಮೂಲಕ ಪ್ರತಿವರ್ಷ ಲೋಕಸಭೆ ಒಪ್ಪಬೇಕು. ‘ನನ್ನ ಒಪ್ಪಿಗೆ ಯಾರು ಕೇಳಿದರು?’ ಎನ್ನುವವರು ತಮ್ಮ ಸಂಸದ ಆ ಮಸೂದೆಯ ಮೇಲೆ ಏನು ಮಾತಾಡಿದರು ಎಂದು ಒಮ್ಮೆ ನೋಡಬೇಕು. ಅಲ್ಲಿ ಮೌನ ಕಂಡರೆ ಸಿಟ್ಟಿಗೆ ಸರಿಯಾದ ವಿಳಾಸ ಸಿಕ್ಕಿದಂತೆ.

‘ಇದೆಲ್ಲ ಬ್ರಿಟಿಷರು ಬಿಟ್ಟುಹೋದ ಸುಲಿಗೆ’ ಎಂಬ ಮಾತೂ ಇದೆ. ಹುಟ್ಟಿನ ಮಟ್ಟಿಗೆ ಅದು ನಿಜ. 1857ರ ದಂಗೆಯಿಂದ ಬರಿದಾದ ಖಜಾನೆ ತುಂಬಲು 1860ರಲ್ಲಿ ಇಲ್ಲಿ ಮೊದಲು ಆದಾಯ ತೆರಿಗೆ ತಂದವನು ಜೇಮ್ಸ್ ವಿಲ್ಸನ್. ಆಗ ಇದ್ದದ್ದು ನಾವು ಆರಿಸದ ಆಡಳಿತ. ಈಗಿರುವುದು ಸ್ವತಂತ್ರ ಭಾರತದ ಸಂಸತ್ತು 1961ರಲ್ಲಿ ಮಾಡಿ, 2025ರಲ್ಲಿ ಹೊಸದಾಗಿ ಬರೆದ ಕಾಯ್ದೆ. ಹೊಸದು 2026ರ ಏಪ್ರಿಲ್ 1ರಿಂದ ಜಾರಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಕಿವಿಗೆ ಬೀಳುವ ಪುರಾಣ ಬೇರೆ: ಅಲ್ಲಿ ತೆರಿಗೆ ಸ್ವಯಂಪ್ರೇರಿತ, 1913ರ ಹದಿನಾರನೇ ತಿದ್ದುಪಡಿಯೇ ಸಿಂಧುವಲ್ಲ ಎಂಬುದು. ಅಲ್ಲಿನ ಕೋರ್ಟುಗಳು ಈ ವಾದವನ್ನು ಮತ್ತೆ ಮತ್ತೆ ತಳ್ಳಿಹಾಕಿವೆ. ಇಂಥ ಹುರುಳಿಲ್ಲದ ನೆಪ ಬರೆದು ರಿಟರ್ನ್ ಸಲ್ಲಿಸಿದರೆ 5,000 ಡಾಲರ್ ದಂಡ ಬೀಳುತ್ತದೆ.

ಕಾನೂನು ಇದ್ದರೂ ಅನ್ಯಾಯದ ತೆರಿಗೆ ಕಟ್ಟಬೇಕೇ ಎಂದು ಕೇಳಬಹುದು. ಇದು ನೀತಿಯ ಪ್ರಶ್ನೆ, ಹಗುರವಾಗಿ ತಳ್ಳುವಂಥದ್ದಲ್ಲ. ತೆರಿಗೆ ಕೊಡೆನೆಂದು ನಿಂತವರ ದೊಡ್ಡ ಪರಂಪರೆ ನಮ್ಮಲ್ಲೇ ಇದೆ. 1930ರ ದಶಕದಲ್ಲಿ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟದೆ ಕರನಿರಾಕರಣೆ ನಡೆಸಿದರು. ಕಟ್ಟುವುದಿಲ್ಲ ಎಂದು ಮೊದಲೇ ಸಾರಿ ಹೇಳಿ ಕಟ್ಟದೇ ಉಳಿದರು. ಜಮೀನು, ಮನೆ, ದನಕರು ಜಪ್ತಿಯಾದವು. ಗಂಡಸರು ಹೆಂಗಸರು ಜೈಲಿಗೆ ಹೋದರು. ಎದುರಿಗಿದ್ದದ್ದು ಮತ ಹಾಕಿ ಇಳಿಸಲಾಗದ ಸರ್ಕಾರ. ಸುಳ್ಳು ಬಾಡಿಗೆ ರಸೀದಿಗೆ ಸಹಿ ಹಾಕಿಸಿಕೊಳ್ಳುವವರು ಈ ಸಾಲಿನಲ್ಲಿ ನಿಲ್ಲಲಾರರು. ಕರನಿರಾಕರಣೆ ಬಹಿರಂಗವಾಗಿ ನಡೆದದ್ದು, ಅದಕ್ಕೆ ಬೆಲೆ ತೆತ್ತವರು ನಿರಾಕರಿಸಿದವರೇ. ವಂಚನೆ ಗುಟ್ಟಾಗಿ ನಡೆಯುತ್ತದೆ, ಅದರ ಬೆಲೆಯನ್ನು ಪ್ರಾಮಾಣಿಕವಾಗಿ ಕಟ್ಟುವ ಪಕ್ಕದ ಮನೆಯವರು ತೆರುತ್ತಾರೆ.

ಇನ್ನು ರೈತರ ವಿಷಯ. ಕೃಷಿ ಆದಾಯಕ್ಕೆ ಕೇಂದ್ರ ತೆರಿಗೆ ಇಲ್ಲದಿರುವುದಕ್ಕೆ ಓಟಿನ ಲೆಕ್ಕವೊಂದೇ ಕಾರಣವಲ್ಲ. ಆ ತೆರಿಗೆ ಹಾಕುವ ಅಧಿಕಾರವೇ ಕೇಂದ್ರಕ್ಕಿಲ್ಲ. ಅದು ರಾಜ್ಯ ಪಟ್ಟಿಯ 46ನೇ ನಮೂದು. 1886ರ ಕಾಯ್ದೆಯಲ್ಲೇ ಕೃಷಿ ಆದಾಯವನ್ನು ಹೊರಗಿಡಲಾಗಿತ್ತು, 1935ರ ಭಾರತ ಸರ್ಕಾರ ಕಾಯ್ದೆ ಅದನ್ನು ಪ್ರಾಂತ್ಯಗಳಿಗೆ ಬಿಟ್ಟಿತು. ನಮ್ಮ ರಾಜ್ಯದಲ್ಲಿ 1957ರಲ್ಲೇ ಕೃಷಿ ಆದಾಯ ತೆರಿಗೆ ಕಾಯ್ದೆ ಬಂದಿತ್ತು. ಕೊಡಗು, ಚಿಕ್ಕಮಗಳೂರಿನ ಹಳೆಯ ಪ್ಲಾಂಟರುಗಳಿಗೆ ಅದರ ನೆನಪಿದೆ.

ಹಾಗೆಂದು ಹೊಲದಿಂದ ಬಂದ ಹಣವೆಲ್ಲ ಕೃಷಿ ಆದಾಯ ಅಲ್ಲ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಾರಿದರೆ ಅದು ಕೃಷಿಯೇ. ಫಸಲನ್ನು ಮಾರುಕಟ್ಟೆಗೆ ತರಲು ಬೆಳೆಗಾರ ಸಾಮಾನ್ಯವಾಗಿ ಮಾಡುವ ಕೆಲಸವನ್ನು ಕಾನೂನು ಕೃಷಿಯ ಒಳಗೇ ಇಟ್ಟಿದೆ. ಊರವರ ಅಡಿಕೆ ಕೊಂಡು ಮಂಡಿಗೆ ಹಾಕಿದರೆ ವ್ಯಾಪಾರ. ಕಾಫಿಯ ಗೆರೆ ಇನ್ನೂ ಸೂಕ್ಷ್ಮ. ಬೆಳೆದವರೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಲಾಭದಲ್ಲಿ ನೂರಕ್ಕೆ 25 ಭಾಗ ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ನೂರಕ್ಕೆ 40. ಹಿಪ್ಪುನೇರಳೆ ಸೊಪ್ಪು ಬೆಳೆಯುವುದು ಕೃಷಿ. ಅದನ್ನು ತಿಂದ ಹುಳು ಕಟ್ಟಿದ ರೇಷ್ಮೆಗೂಡು ಕೃಷಿ ಉತ್ಪನ್ನವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹೈನುಗಾರಿಕೆ, ಕೋಳಿ ಸಾಕಣೆಯ ಆದಾಯವೂ ಹಾಗೆಯೇ ಹೊರಗೆ. ಸಣ್ಣ ರೈತರಿಗೆ ಇದರಿಂದ ತೊಂದರೆಯಿಲ್ಲ, ಅವರ ಆದಾಯ ತೆರಿಗೆಯ ಮಟ್ಟ ಮುಟ್ಟುವುದೇ ಕಡಿಮೆ.

ಊರಲ್ಲಿ ತೋಟ, ಬೆಂಗಳೂರಲ್ಲಿ ಸಂಬಳ ಇದ್ದವರಿಗೆ ಇನ್ನೊಂದು ನಿಯಮ ಇದೆ. ಕೃಷಿ ಆದಾಯಕ್ಕೆ ನೇರ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯದ ದರ ಎಷ್ಟೆಂದು ತೀರ್ಮಾನಿಸುವಾಗ ಅದನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಕೆ.ಎನ್. ರಾಜ್ ಸಮಿತಿಯ ಸಲಹೆಯಂತೆ 1973ರಿಂದ ಇದು ನಡೆದುಬಂದಿದೆ. ‘ಎಸ್ಟೇಟ್ ಧಣಿಗಳಿಗೆ ಏನೂ ಇಲ್ಲ’ ಎಂಬ ಸಿಟ್ಟಿನಲ್ಲಿ ನ್ಯಾಯದ ಅಂಶ ಇದ್ದೇ ಇದೆ. ಅದನ್ನು ಕೇಳಬೇಕಾದ ಜಾಗ ಮಾತ್ರ ದೆಹಲಿಯಲ್ಲ, ವಿಧಾನಸೌಧ.

ಕಾನೂನು ಬೇರೆ, ನೀತಿ ಬೇರೆ ಎಂಬುದನ್ನು ತೆರಿಗೆ ಪ್ರಕರಣಗಳಷ್ಟು ನಿಷ್ಠುರವಾಗಿ ತೋರಿಸುವುದು ಬೇರೆ ಇಲ್ಲವೇನೋ. 1958ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಗಡಿ ದಾಟುತ್ತಿದ್ದ ಒಬ್ಬಾತ ಪೊಲೀಸರ ಕೈಗೆ ಸಿಕ್ಕಿಬಿದ್ದ. ಚಿನ್ನ ಕೊಂಡು ಕದ್ದು ತರಲೆಂದು ಅವನು ಇಟ್ಟುಕೊಂಡಿದ್ದ 65,500 ರೂಪಾಯಿ ಮುಟ್ಟುಗೋಲಾಯಿತು. ಆದಾಯ ತೆರಿಗೆ ಇಲಾಖೆ, ಇವನು ಕಳ್ಳಸಾಗಣೆಯ ವ್ಯಾಪಾರ ನಡೆಸುತ್ತಿದ್ದಾನೆ ಎಂದು ತೆರಿಗೆ ಹಾಕಿತು. ವ್ಯಾಪಾರ ಎಂದು ಒಪ್ಪಿದ ಮೇಲೆ ಮುಟ್ಟುಗೋಲಾದ ಹಣ ಆ ವ್ಯಾಪಾರದ ನಷ್ಟವಲ್ಲವೇ ಎಂಬುದು ಅವನ ವಾದ. 1980ರಲ್ಲಿ ಸುಪ್ರೀಂ ಕೋರ್ಟ್ ಅವನ ವಾದವನ್ನೇ ಎತ್ತಿಹಿಡಿಯಿತು. 2006ರಲ್ಲಿ ಹೆರಾಯಿನ್ ಸಿಕ್ಕಿಬಿದ್ದ ವೈದ್ಯನೊಬ್ಬನ ಪ್ರಕರಣದಲ್ಲೂ ಅದೇ ನಡೆಯಿತು. ಅವನು ಮಾಡಿದ್ದು ಹೇಯ ಕೆಲಸ ನಿಜ, ಆದರೆ ತೆರಿಗೆಯ ಲೆಕ್ಕವನ್ನು ನಮ್ಮ ನೈತಿಕ ಸಿಟ್ಟಿನಿಂದ ತೀರ್ಮಾನಿಸಲಾಗದು ಎಂಬುದು ಕೋರ್ಟಿನ ನಿಲುವು. ಅಪರಾಧ ಮಾಡಲು ಆದ ಖರ್ಚನ್ನು ವ್ಯಾಪಾರದ ಖರ್ಚೆಂದು ತೋರಿಸುವ ದಾರಿಯನ್ನು ಸಂಸತ್ತು 1998ರ ತಿದ್ದುಪಡಿಯಲ್ಲಿ ಮುಚ್ಚಿದೆ.

ಇಲ್ಲಿಂದ ಎರಡು ಪುರಾಣ ಒಟ್ಟಿಗೇ ಬಿದ್ದುಹೋಗುತ್ತವೆ. ಅಕ್ರಮ ಸಂಪಾದನೆಗೆ ತೆರಿಗೆ ಇಲ್ಲ ಎಂಬುದು ಸುಳ್ಳು. ತೆರಿಗೆ ಕಟ್ಟಿದರೆ ಅಕ್ರಮ ಹಣ ಸಕ್ರಮವಾಗುತ್ತದೆ ಎಂಬುದೂ ಸುಳ್ಳು. ಜಯಲಲಿತಾ ಅಕ್ರಮ ಆಸ್ತಿ ಪ್ರಕರಣದಲ್ಲಿ ಕರ್ನಾಟಕ ಸರ್ಕಾರ ಸಲ್ಲಿಸಿದ್ದ ಮೇಲ್ಮನವಿಯ ಮೇಲೆ 2017ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಐಟಿ ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ಹಣದ ಮೂಲ ನ್ಯಾಯಸಮ್ಮತ ಎಂದಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ತೆರಿಗೆ ಉಳಿಸುವುದೇ ಪಾಪ ಎಂದು ಹೆದರುವ ಸಾತ್ವಿಕರೂ ಇದ್ದಾರೆ, ಹೇಗೆ ಉಳಿಸಿದರೂ ಜಾಣತನ ಎನ್ನುವವರೂ ಇದ್ದಾರೆ. ಹಳೆಯ ಪದ್ಧತಿಯಲ್ಲಿ ಪಿಪಿಎಫ್‌ಗೆ ಹಣ ಹಾಕಿ ವಿನಾಯಿತಿ ಪಡೆದರೆ ಅದು ಸಂಸತ್ತೇ ತೆರೆದಿಟ್ಟ ಬಾಗಿಲು, ಸಂಕೋಚ ಬೇಡ. ತಂದೆಯ ಹೆಸರಲ್ಲಿರುವ ಮನೆಗೆ ನಿಜವಾಗಿ ಬಾಡಿಗೆ ಕೊಟ್ಟು, ತಂದೆ ಅದನ್ನು ತಮ್ಮ ಆದಾಯದಲ್ಲಿ ತೋರಿಸಿದರೆ ಅದೂ ಸರಿಯೇ. ಕೊಡದ ಬಾಡಿಗೆಗೆ ರಸೀದಿ ಬರೆದರೆ ವಂಚನೆ. ಸಿಕ್ಕಿಬಿದ್ದರೆ ತೆರಿಗೆಯ ಇಮ್ಮಡಿ ದಂಡ, ಜತೆಗೆ ಬಡ್ಡಿ. ‘ರಾಜಕೀಯ ಪಕ್ಷಕ್ಕೆ ಚೆಕ್ಕಿನಲ್ಲಿ ದೇಣಿಗೆ ಕೊಡಿ, ಕಮಿಷನ್ ಹಿಡಿದು ಉಳಿದದ್ದು ನಗದಾಗಿ ವಾಪಸ್’ ಎಂಬ ದಲ್ಲಾಳಿ ಮಾತೂ ಇದೇ ಜಾತಿಯದು. ನಡುವೆ ಒಂದು ಬೂದು ಪಟ್ಟಿ ಇದೆ: ಕಾನೂನಿನ ಅಕ್ಷರ ತಪ್ಪದೆ, ತೆರಿಗೆ ತಪ್ಪಿಸಲೆಂದೇ ಹೆಣೆದ ವ್ಯವಹಾರಗಳದು. 1985ರ ಮೆಕ್‌ಡೊವೆಲ್ ತೀರ್ಪಿನಲ್ಲಿ ಕೋರ್ಟ್ ಅಂಥ ವೇಷಗಳ ಮೇಲೆ ಗುಡುಗಿತು, 2003ರಲ್ಲಿ ಸ್ವಲ್ಪ ತಣ್ಣಗಾಯಿತು. 2017ರಿಂದ ಅವನ್ನು ಬಗೆದು ನೋಡುವ ಅಧಿಕಾರವನ್ನು ಕಾಯ್ದೆಯೇ ಇಲಾಖೆಗೆ ಕೊಟ್ಟಿದೆ. ಅದು ದೊಡ್ಡ ಕಂಪನಿಗಳ ತಲೆನೋವು. ಸಂಬಳದಾರರ ಕೇಸುಗಳಲ್ಲಿ ಬೂದು ಬಣ್ಣ ಅಪರೂಪ.

ಮದುವೆ ಮುಯ್ಯಿಗೆ ತೆರಿಗೆ ಇದೆಯೇ ಎಂಬುದು ಆ ಬೆಂಚಿನ ಇನ್ನೊಂದು ಚರ್ಚೆ. ವಧೂವರರಿಗೆ ತಮ್ಮ ಮದುವೆಯಲ್ಲಿ ಬಂದ ಉಡುಗೊರೆಗೆ, ಯಾರು ಕೊಟ್ಟರೂ ಎಷ್ಟೇ ಆದರೂ, ತೆರಿಗೆ ಇಲ್ಲ. ಮುಯ್ಯಿ ಲಕೋಟೆ ಹೆತ್ತವರ ಹೆಸರಿಗೆ ಬಂದಿದ್ದರೆ ಆ ರಿಯಾಯಿತಿ ಇಲ್ಲ. ಗೃಹಪ್ರವೇಶ, ಉಪನಯನ, ಷಷ್ಟ್ಯಬ್ದಿಗೂ ಇಲ್ಲ. ನೆಂಟರಲ್ಲದವರಿಂದ ವರ್ಷದಲ್ಲಿ ಬಂದ ಹಣ ಒಟ್ಟು 50,000 ದಾಟಿದರೆ ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. ನೆಂಟರು ಯಾರೆಂಬುದನ್ನೂ ಕಾಯ್ದೆಯೇ ಪಟ್ಟಿ ಮಾಡಿದೆ. ಸೋದರಮಾವ ಅದರಲ್ಲಿದ್ದಾನೆ, ಅವನ ಮಗ ಇಲ್ಲ. ಚಿಕ್ಕಪ್ಪ ಅಣ್ಣನ ಮಗನಿಗೆ ಒಂದು ಲಕ್ಷ ಕೊಟ್ಟರೆ ತೆರಿಗೆಯಿಲ್ಲ. ಅದೇ ಅಣ್ಣನ ಮಗ ಮುಂದೆ ಚಿಕ್ಕಪ್ಪನಿಗೆ ಒಂದು ಲಕ್ಷ ಕೊಟ್ಟರೆ ಚಿಕ್ಕಪ್ಪನ ಆದಾಯಕ್ಕೆ ಸೇರುತ್ತದೆ. ಇದರಲ್ಲಿ ನೀತಿ ಏನಿದೆ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಗೆರೆ ಎಲ್ಲೋ ಒಂದು ಕಡೆ ಎಳೆಯಬೇಕಿತ್ತು, ಎಳೆದಿದ್ದಾರೆ, ಅಷ್ಟೆ.

‘12 ಲಕ್ಷದವರೆಗೆ ಕೇಳುವವರೇ ಇಲ್ಲ’ ಎಂಬುದು 2025ರ ಬಜೆಟ್ ನಂತರದ ಹೊಸ ಪುರಾಣ. ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲದ ಮಿತಿ 4 ಲಕ್ಷ. ಅಲ್ಲಿಂದ 12 ಲಕ್ಷದವರೆಗೆ ತೆರಿಗೆ ಹುಟ್ಟುತ್ತದೆ, ರಿಬೇಟ್ ಅದನ್ನು ಸೊನ್ನೆ ಮಾಡುತ್ತದೆ. ಆದ್ದರಿಂದ 4 ಲಕ್ಷ ದಾಟಿದವರು ರಿಟರ್ನ್ ಸಲ್ಲಿಸಲೇಬೇಕು. ಷೇರು ಮಾರಿದ ಲಾಭದಂತಹ ವಿಶೇಷ ದರದ ಆದಾಯಕ್ಕೆ ಆ ರಿಬೇಟ್ ಇಲ್ಲ. ಎಫ್‌ಡಿ ಬಡ್ಡಿಗೆ ಬ್ಯಾಂಕು ಶೇ 10 ಟಿಡಿಎಸ್ ಹಿಡಿದರೆ ಲೆಕ್ಕ ಮುಗಿಯಿತು ಎಂಬ ನಂಬಿಕೆಯೂ ತಪ್ಪು. ಶೇ 30ರ ಸ್ಲ್ಯಾಬಿನವರು ಉಳಿದದ್ದನ್ನು ತಾವೇ ಕಟ್ಟಬೇಕು.

‘ಇನ್‌ಕ್ರಿಮೆಂಟ್ ಬಂದು ಮೇಲಿನ ಸ್ಲ್ಯಾಬಿಗೆ ಹೋದರೆ ಕೈಗೆ ಬರೋದು ಕಡಿಮೆಯಾಗುತ್ತೆ’ ಎಂಬ ಭಯ ಬಹುಪಾಲು ಸುಳ್ಳು. 24 ಲಕ್ಷ ಇದ್ದ ಆದಾಯ 10,000 ಹೆಚ್ಚಿದರೆ ಶೇ 30ರ ದರ ತಗಲುವುದು ಆ 10,000ಕ್ಕೆ ಮಾತ್ರ. 12 ಲಕ್ಷದ ಅಂಚಿನಲ್ಲಿ ಮಾತ್ರ ಆ ಭಯಕ್ಕೆ ಅರ್ಧ ಆಧಾರ ಇದೆ. ಆದಾಯ 12,10,000 ಆದರೆ ಸ್ಲ್ಯಾಬಿನ ಪ್ರಕಾರ ತೆರಿಗೆ 61,500. ಆದರೆ ಹೆಚ್ಚಾದ ಆದಾಯಕ್ಕಿಂತ ತೆರಿಗೆ ಹೆಚ್ಚಾಗಬಾರದೆಂಬ ನಿಯಮ ಅದನ್ನು 10,000ಕ್ಕೆ ಇಳಿಸುತ್ತದೆ, ಸೆಸ್ ಬೇರೆ. ಅಂದರೆ 12 ಲಕ್ಷ ದಾಟಿ ಸುಮಾರು 70,000ದವರೆಗೆ ಹೆಚ್ಚಿದ್ದೆಲ್ಲ ತೆರಿಗೆಗೇ ಹೋಗುತ್ತದೆ.

‘ಕಟ್ಟೋರು ನಾವು ನಾಲ್ಕೇ ಜನ’ ಎಂಬ ಮಾತಿಗೆ ಬರೋಣ. 2024ರ ಜುಲೈ 31ರೊಳಗೆ ಸಲ್ಲಿಕೆಯಾದ ರಿಟರ್ನ್‌ಗಳು 7.28 ಕೋಟಿ. ಇಡೀ ದೇಶದ ರಿಟರ್ನ್‌ಗಳು ಸಂಸ್ಕರಣೆಯಾಗುವುದು ನಮ್ಮ ಬೆಂಗಳೂರಿನ ಕೇಂದ್ರದಲ್ಲೇ. ರಿಟರ್ನ್ ಸಲ್ಲಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಟ್ಟಬೇಕಾದ ತೆರಿಗೆ ಸೊನ್ನೆ. ಹಾಗಾಗಿ ಆದಾಯ ತೆರಿಗೆ ಕಟ್ಟುವವರು ಕಡಿಮೆ ಎಂಬುದು ನಿಜ. ತೆರಿಗೆ ಕಟ್ಟುವವರೇ ಕಡಿಮೆ ಎಂಬುದು ನಿಜವಲ್ಲ. 2023–24ರಲ್ಲಿ ನೇರ ತೆರಿಗೆಗಳಿಂದ ನಿವ್ವಳವಾಗಿ ಬಂದದ್ದು ಸುಮಾರು 19.6 ಲಕ್ಷ ಕೋಟಿ. ಅದೇ ವರ್ಷ ಜಿಎಸ್‌ಟಿ ಸಂಗ್ರಹ 20.18 ಲಕ್ಷ ಕೋಟಿ. ಸೋಪು, ಚಪ್ಪಲಿ, ಮೊಬೈಲ್ ರೀಚಾರ್ಜ್ ಕೊಳ್ಳುವ ಗಾರೆ ಕೆಲಸದವಳೂ ಅದರಲ್ಲಿ ಪಾಲು ಕೊಟ್ಟಿದ್ದಾಳೆ. ಅವಳಿಗೆ ಫಾರ್ಮ್ 16 ಇಲ್ಲ, ರೀಫಂಡ್ ಇಲ್ಲ, ‘ನನ್ನ ತೆರಿಗೆ ಹಣ’ ಎಂದು ಹೇಳಿಕೊಳ್ಳಲು ಒಂದು ಕಾಗದವೂ ಇಲ್ಲ. ಅವಳ ಗಳಿಕೆಯಲ್ಲಿ ಆ ತೆರಿಗೆಯ ಪಾಲು, ಅದೇ ಸೋಪು ಕೊಳ್ಳುವ ಸಾಹುಕಾರರ ಗಳಿಕೆಯಲ್ಲಿನ ಪಾಲಿಗಿಂತ ದೊಡ್ಡದು. ಹೆಚ್ಚು ಗಳಿಸುವವರಿಂದ ಹೆಚ್ಚು ಎತ್ತುವ ಆದಾಯ ತೆರಿಗೆಗೆ ಇರುವ ಗಟ್ಟಿಯಾದ ನೈತಿಕ ಸಮರ್ಥನೆ ಇದೇ.

ಆದರೆ ನೀತಿಯ ಪಾಠ ಕಟ್ಟುವವರಿಗೆ ಮಾತ್ರ ಹೇಳಿದರೆ ಅದು ಏಕಪಕ್ಷೀಯ. 1973–74ರಲ್ಲಿ ಅತಿ ಹೆಚ್ಚಿನ ಆದಾಯದ ಮೇಲಿನ ದರ ಸರ್ಚಾರ್ಜ್ ಸೇರಿ ಶೇ 97.75 ಇತ್ತು, ನೂರು ರೂಪಾಯಿ ದುಡಿದರೆ ಕೈಗೆ ಎರಡೂಕಾಲು. ಅದು ಪೂರ್ತಿ ಕಾನೂನುಬದ್ಧ. ಇಂಥ ದರಗಳೇ ವಂಚನೆಯ ತವರು ಎಂದು ವಾಂಛೂ ಸಮಿತಿ ಅದಕ್ಕೂ ಮೊದಲೇ ಎಚ್ಚರಿಸಿತ್ತು, ಮರುವರ್ಷವೇ ದರ ಇಳಿಯಿತು. 2012ರಲ್ಲಿ ವೊಡಾಫೋನ್ ಕಂಪನಿ ತನ್ನ ತೆರಿಗೆ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಕೂಡಲೇ ಸರ್ಕಾರ ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ ಕಾಯ್ದೆಯನ್ನೇ ತಿದ್ದಿತು. ಅದೂ ಕಾನೂನುಬದ್ಧವೇ. ಆಟ ಮುಗಿದ ಮೇಲೆ ನಿಯಮ ಬದಲಿಸಿದ್ದು ನ್ಯಾಯವಲ್ಲ ಎಂಬ ಟೀಕೆ ಒಂಬತ್ತು ವರ್ಷ ಬೆನ್ನುಬಿಡಲಿಲ್ಲ. 2021ರಲ್ಲಿ ಸಂಸತ್ತು ಆ ತಿದ್ದುಪಡಿಯಡಿಯ ಬೇಡಿಕೆಗಳನ್ನು ಕೈಬಿಟ್ಟಿತು. ಎರಡೂ ಸಲ ಅನ್ಯಾಯ ಸರಿಹೋದದ್ದು ವರದಿ, ಮೊಕದ್ದಮೆ, ಬಹಿರಂಗ ಟೀಕೆಗಳಿಂದ. ಆದಾಯ ಮುಚ್ಚಿಟ್ಟವರಿಂದ ಒಂದು ದರವೂ ಇಳಿಯಲಿಲ್ಲ.

ಕರ್ನಾಟಕದವರಿಗೆ ಇನ್ನೊಂದು ತಕರಾರು ಇದೆ. ನಾವು ಕಟ್ಟುವ ತೆರಿಗೆಯ ಮೇಲೆ ಶೇ 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ ಬೀಳುತ್ತದೆ. ಸೆಸ್, ಸರ್ಚಾರ್ಜ್ ಎರಡೂ ರಾಜ್ಯಗಳಿಗೆ ಹಂಚುವ ಪಾಲಿಗೆ ಸೇರುವುದಿಲ್ಲ. 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.71 ಇದ್ದ ನಮ್ಮ ಪಾಲು 15ನೇ ಆಯೋಗದಲ್ಲಿ ಶೇ 3.65ಕ್ಕೆ ಇಳಿಯಿತು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದು ಇದಕ್ಕೆ. ಒಪ್ಪುವುದು ಬಿಡುವುದು ಬೇರೆ. ಇದು ಕೇಳಲೇಬೇಕಾದ ಪ್ರಶ್ನೆ. ಅದಕ್ಕೂ ನಮ್ಮ ರಿಟರ್ನಿನಲ್ಲಿ ಎಫ್‌ಡಿ ಬಡ್ಡಿ ಬಿಟ್ಟುಬಿಡುವುದಕ್ಕೂ ಸಂಬಂಧವಿಲ್ಲ.

ಹಿಂದಿನ ವರ್ಷಗಳಲ್ಲಿ ಹಾಗೆ ಬಿಟ್ಟವರಿಗೂ ದಾರಿ ಇದೆ. ನಾಲ್ಕು ವರ್ಷದೊಳಗೆ ಪರಿಷ್ಕೃತ ಲೆಕ್ಕದ ‘ಅಪ್‌ಡೇಟೆಡ್ ರಿಟರ್ನ್’ ಸಲ್ಲಿಸಬಹುದು. ತಡವಾದಷ್ಟೂ ಬಾಕಿಯ ಮೇಲೆ ಶೇ 25ರಿಂದ 70ರವರೆಗೆ ಹೆಚ್ಚುವರಿ ತೆರಬೇಕು. ಲೆಕ್ಕ ಚುಕ್ತಾ ಮಾಡಿದ ಮೇಲೆ ಜಗಳಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಮುಂದಿನ ಸಲ ಮತ ಕೇಳಲು ಬಂದವರನ್ನು ರಸ್ತೆಯ ಜತೆಗೆ ಇವನ್ನೂ ಕೇಳಿ: ಕೋಟಿಗಟ್ಟಲೆ ಆದಾಯದ ತೋಟಗಳಿಗೆ ತೆರಿಗೆ ಹಾಕುತ್ತೀರಾ? ಸೆಸ್‌ನಲ್ಲಿ ರಾಜ್ಯಕ್ಕೆ ಪಾಲು ಕೇಳುತ್ತೀರಾ? 12 ಲಕ್ಷದ ಅಂಚಿನ ಆ 70,000 ರೂಪಾಯಿಯ ಗುಂಡಿಯನ್ನು ಯಾವಾಗ ಮುಚ್ಚಿಸುತ್ತೀರಿ?